ರಿಜಿಸ್ಟರಿನ ವಿಳಾಸ ಮತ್ತು ಬಳಕೆಯ ಪರಂಪರೆ: ಸಿ ಭಾಷೆಯಲ್ಲಿ ಮೈಕ್ರೋಕಂಟ್ರೋಲರುಗಳನ್ನು ನೇರವಾಗಿ ನಡೆಸುವ ವೃತ್ತಿಜ್ಞಾನ

1. ಪ್ರವೇಶ

‘ರಿಜಿಸ್ಟರ್’ ಎಂಬ ಪದ ಕನ್ನಡಕ್ಕೆ ಕಚೇರಿಯ ಮೂಲಕ ಬಂದುದು. ಹಾಜರಿ, ಜನನ-ಮರಣ, ಜಮೀನಿನ ಪರಭಾರೆ ಮೊದಲಾದವನ್ನು ಸಾಲಾಗಿ ಬರೆದಿಡುವ ಪುಸ್ತಕಕ್ಕೆ ಆ ಹೆಸರು ರೂಢಿಯಾಗಿದೆ. ಅದಕ್ಕೂ ಹಿಂದೆ ಶಾನುಭೋಗರೂ ವರ್ತಕರೂ ಕಡತಗಳನ್ನು ಬಳಸುತ್ತಿದ್ದರು. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಗಟ್ಟಿಗೊಳಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆದು, ಬೇಡವಾದುದನ್ನು ಒರೆಸಿ, ಅದೇ ಸ್ಥಳದಲ್ಲಿ ಮತ್ತೆ ಬರೆಯಲು ಅನುವಾಗಿದ್ದ ಸಾಧನವದು. ಗಣಕಯಂತ್ರದ ರಿಜಿಸ್ಟರ್ ಕೂಡ ಒರೆಸಿ ಬರೆಯಬಹುದಾದ ಒಂದು ಸಣ್ಣ ಕೋಶವೇ ಆಗಿದೆ. ಆದರೆ ಮೈಕ್ರೋಕಂಟ್ರೋಲರಿನ ಯಂತ್ರಾಂಶಕ್ಕೆ ಸೇರಿದ ರಿಜಿಸ್ಟರ್ ಒಂದು ಮುಖ್ಯ ವಿಷಯದಲ್ಲಿ ಕಡತಕ್ಕಿಂತ ಭಿನ್ನವಾಗಿದೆ. ಕಡತದಲ್ಲಿ ಬರೆದುದು ಮತ್ತೊಂದು ಕೈ ಮುಟ್ಟುವವರೆಗೆ ಹಾಗೆಯೇ ಇರುತ್ತದೆ. ಈ ರಿಜಿಸ್ಟರಿನಲ್ಲಿ ಬರೆದರೆ ದೀಪ ಹೊತ್ತುತ್ತದೆ, ಮೋಟಾರು ತಿರುಗುತ್ತದೆ. ಕ್ರಮವಿಧಿ ಏನನ್ನೂ ಬರೆಯದಿದ್ದರೂ ಅದರ ಬೆಲೆ ಬದಲಾಗುತ್ತದೆ. ಕೆಲವೆಡೆ ಓದಿದ ಮಾತ್ರಕ್ಕೇ ಅದರಲ್ಲಿದ್ದುದು ಖಾಲಿಯಾಗುತ್ತದೆ.

ಇಂತಹ ಕೋಶಗಳನ್ನು ಸಿ ಭಾಷೆಯಿಂದ ನೇರವಾಗಿ ಮುಟ್ಟುವ ವಿಧಾನವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜಾನಪದ ಅಧ್ಯಯನಕ್ಕೂ ಈ ವಿಷಯಕ್ಕೂ ಏನು ಸಂಬಂಧವೆಂಬ ಪ್ರಶ್ನೆ ಸಹಜವಾದುದು. ಯಾವುದಾದರೂ ಒಂದು ಸಮಾನ ಅಂಶವನ್ನು ಹಂಚಿಕೊಂಡ ಗುಂಪೆಲ್ಲವೂ ‘ಜನಪದ’ವೇ, ಆ ಅಂಶ ವೃತ್ತಿಯೂ ಆಗಬಹುದು ಎಂದು ಅಲನ್ ಡಂಡೆಸ್ ಪ್ರತಿಪಾದಿಸಿದ ಮೇಲೆ ವೃತ್ತಿಜ್ಞಾನದ ಕ್ಷೇತ್ರ ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆಗಳಿಗೆ ಸೀಮಿತವಾಗಿ ಉಳಿಯಲಿಲ್ಲ. ಡಂಡೆಸ್ ಮತ್ತು ಕಾರ್ಲ್ ಪ್ಯಾಗ್ಟರ್ 1975ರಲ್ಲಿಯೇ ಕಚೇರಿಗಳ ನಕಲುಯಂತ್ರಗಳ ಮೂಲಕ ಹರಡುತ್ತಿದ್ದ ಹಾಳೆಗಳನ್ನು ಜಾನಪದ ಸಾಮಗ್ರಿಯಾಗಿ ಸಂಗ್ರಹಿಸಿ ಪ್ರಕಟಿಸಿದ್ದರು. ರಿಜಿಸ್ಟರುಗಳನ್ನು ನೇರವಾಗಿ ಬಳಸುವ ಕ್ರಮದಲ್ಲಿಯೂ ಲಿಖಿತ ಶಾಸ್ತ್ರ ಒಂದು ಕಡೆ, ಕೈಯಿಂದ ಕೈಗೆ ಸಾಗಿಬಂದ ಬಳಕೆ ಮತ್ತೊಂದು ಕಡೆ ನಿಂತಿವೆ. ಇವೆರಡರ ನಡುವಣ ಅಂತರದಲ್ಲಿಯೇ ಯಂತ್ರಗಳು ಕೆಡುತ್ತವೆ ಎಂಬುದು ಮುಂದಿನ ವಿವರಗಳಿಂದ ಸ್ಪಷ್ಟವಾಗುತ್ತದೆ.

2. ಪದ್ಧತಿಯ ಮೂಲ

ಯಂತ್ರಾಂಶದ ಅಂಗಗಳಿಗೂ ಸ್ಮೃತಿಕೋಶಗಳಿಗೂ ಒಂದೇ ಸಾಲಿನ ವಿಳಾಸಗಳನ್ನು ಕೊಡುವ ಏರ್ಪಾಡು ಈ ಪದ್ಧತಿಯ ಆಧಾರ. 1970ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಹೊರತಂದ ಪಿಡಿಪಿ-11 ಗಣಕದಲ್ಲಿ ಈ ಏರ್ಪಾಡಿತ್ತು. ಅದರ ವಿಳಾಸಗಳ ತುತ್ತತುದಿಯ 8 ಕಿಲೋಬೈಟುಗಳಷ್ಟು ಭಾಗವನ್ನು ಸಾಧನಗಳಿಗಾಗಿ ಮೀಸಲಿಡಲಾಗಿತ್ತು. ಎಂಟರ ಮಾನದ ಎಣಿಕೆಯಲ್ಲಿ 177564 ಎಂಬ ವಿಳಾಸದಲ್ಲಿ ಟರ್ಮಿನಲ್ಲಿನ ಸ್ಥಿತಿಸೂಚಕವೂ 177566ರಲ್ಲಿ ಅದರ ಅಕ್ಷರಕೋಶವೂ ಇದ್ದವು. ಸ್ಥಿತಿಸೂಚಕದ ‘ಸಿದ್ಧ’ ಎಂಬ ಬಿಟ್ 1 ಆಗುವವರೆಗೆ ಅದನ್ನು ಓದುತ್ತಾ ಕಾದು, ಬಳಿಕ ಅಕ್ಷರಕೋಶದಲ್ಲಿ ಒಂದು ಸಂಖ್ಯೆ ಬರೆದರೆ ಕಾಗದದ ಮೇಲೆ ಒಂದು ಅಕ್ಷರ ಮೂಡುತ್ತಿತ್ತು. ಇದಕ್ಕಾಗಿ ಪ್ರತ್ಯೇಕ ಆಜ್ಞೆಯ ಅಗತ್ಯವಿರಲಿಲ್ಲ. ಸ್ಮೃತಿಯನ್ನು ಓದಿ ಬರೆಯುವ ಆಜ್ಞೆಯೇ ಸಾಕಾಗುತ್ತಿತ್ತು.

ಡೆನಿಸ್ ರಿಚಿ ಬೆಲ್ ಪ್ರಯೋಗಾಲಯದಲ್ಲಿ ಸಿ ಭಾಷೆಯನ್ನು ರೂಪಿಸಿದುದು ಈ ಗಣಕದ ಮೇಲೆಯೇ. 1973ರಲ್ಲಿ ಯುನಿಕ್ಸ್ ವ್ಯವಸ್ಥೆಯ ತಿರುಳನ್ನು ಸಿ ಭಾಷೆಯಲ್ಲಿ ಮತ್ತೆ ಬರೆಯಲಾಯಿತು. 1975ರ ಆರನೆಯ ಆವೃತ್ತಿಯಲ್ಲಿ ಸಾಧನಗಳ ವಿಳಾಸಗಳು ಬರಿಯ ಸಂಖ್ಯೆಗಳಾಗಿ ನಮೂದಾಗಿರುವುದನ್ನು ಕಾಣಬಹುದು. ಸಂಖ್ಯೆಯೊಂದನ್ನು ಯಾವ ಪರಿವರ್ತನೆಯೂ ಇಲ್ಲದೆ ವಿಳಾಸವೆಂದು ಬಳಸಲು ಅಂದಿನ ಸಿ ಅವಕಾಶ ಕೊಡುತ್ತಿತ್ತು. ಈ ಆವೃತ್ತಿಗೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಬರೆದ ವ್ಯಾಖ್ಯಾನ ಪರವಾನಗಿಯ ನಿರ್ಬಂಧಗಳ ಕಾರಣದಿಂದ ಬಹುಕಾಲ ಬಹಿರಂಗವಾಗಿ ಮಾರಾಟವಾಗಲಿಲ್ಲ. ನಕಲಿನ ನಕಲಾಗಿ ಕೈಯಿಂದ ಕೈಗೆ ದಾಟುತ್ತಾ ಎರಡು ದಶಕಗಳ ಕಾಲ ಉಳಿದು, 1996ರಲ್ಲಿ ಪುಸ್ತಕವಾಗಿ ಅಧಿಕೃತವಾಗಿ ಪ್ರಕಟವಾಯಿತು. ಯಂತ್ರಾಂಶವನ್ನು ಸಿ ಭಾಷೆಯಿಂದ ಮುಟ್ಟುವ ಬಗೆಯನ್ನು ಒಂದು ತಲೆಮಾರು ಕಲಿತ ದಾರಿಗಳಲ್ಲಿ ಇದೂ ಒಂದು.

3. ವಿಳಾಸಕ್ಕೆ ಹೆಸರಿಡುವುದು

ಇಂದಿನ ಮೈಕ್ರೋಕಂಟ್ರೋಲರುಗಳಲ್ಲಿ ಇದೇ ಏರ್ಪಾಡು ಮುಂದುವರಿದಿದೆ. ಉದಾಹರಣೆಗೆ, 2010ರಲ್ಲಿ ಬಂದ ಆರ್ಡುಯಿನೋ ಯುನೋ ಫಲಕದ ಮೂಲಕ ಲೋಕದಾದ್ಯಂತ ವಿದ್ಯಾರ್ಥಿಗಳಿಗೆ ಪರಿಚಿತವಾದ ಎಟಿಮೆಗಾ 328ಪಿ ಚಿಪ್ಪನ್ನು ಪರಿಶೀಲಿಸಬಹುದು. ಅಟ್ಮೆಲ್ ಕಂಪನಿ ತಯಾರಿಸಿದ ಈ ಚಿಪ್ 2016ರಲ್ಲಿ ಆ ಕಂಪನಿಯೊಂದಿಗೆ ಮೈಕ್ರೋಚಿಪ್ ಕಂಪನಿಗೆ ಸೇರಿತು. ಅದರ ದತ್ತಸ್ಮೃತಿಯ ವಿಳಾಸಗಳು 0ಯಿಂದ 2303ರವರೆಗೆ ಇವೆ. ಮೊದಲ 32 ವಿಳಾಸಗಳು ಲೆಕ್ಕಕ್ಕೆ ಬಳಕೆಯಾಗುವ ಸಾಮಾನ್ಯ ರಿಜಿಸ್ಟರುಗಳಿಗೆ, 32ರಿಂದ 255ರವರೆಗಿನವು ಯಂತ್ರಾಂಶದ ಅಂಗಗಳಿಗೆ, 256ರಿಂದ ಮುಂದಿನ 2048 ವಿಳಾಸಗಳು ನಿಜವಾದ ಸ್ಮೃತಿಗೆ ಮೀಸಲು. ಹೊರಗಣ ತಂತಿಗಳನ್ನು ನಿಯಂತ್ರಿಸುವ ‘ಬಿ’ ದ್ವಾರಕ್ಕೆ ಮೂರು ರಿಜಿಸ್ಟರುಗಳಿವೆ. 35ನೆಯ ವಿಳಾಸದ ‘ಪಿನ್‌ಬಿ’ ತಂತಿಗಳ ಸ್ಥಿತಿಯನ್ನು ತಿಳಿಸುತ್ತದೆ. 36ನೆಯ ವಿಳಾಸದ ‘ಡಿಡಿಆರ್‌ಬಿ’ ಯಾವ ತಂತಿ ಒಳಬರುವುದು, ಯಾವುದು ಹೊರಹೋಗುವುದು ಎಂಬುದನ್ನು ನಿರ್ಧರಿಸುತ್ತದೆ. 37ನೆಯ ವಿಳಾಸದ ‘ಪೋರ್ಟ್‌ಬಿ’ ಹೊರಹೋಗುವ ಬೆಲೆಯನ್ನು ಹಿಡಿದಿಡುತ್ತದೆ.

ಸಿ ಭಾಷೆಯಲ್ಲಿ ಇವುಗಳನ್ನು ಮುಟ್ಟುವ ಸೂತ್ರ ಮೂರು ಹೆಜ್ಜೆಗಳದು. 37 ಎಂಬ ಸಂಖ್ಯೆಯನ್ನು ‘ಎಂಟು ಬಿಟ್ಟಿನ, ಚಿಹ್ನೆಯಿಲ್ಲದ, ವೊಲಟೈಲ್ ಕೋಶವೊಂದರ ಪಾಯಿಂಟರ್’ ಎಂದು ಪರಿವರ್ತಿಸುವುದು ಮೊದಲನೆಯದು. ಆ ಪಾಯಿಂಟರ್ ತೋರುವ ಸ್ಥಳವನ್ನು ನಕ್ಷತ್ರ ಚಿಹ್ನೆಯ ಮೂಲಕ ತೆರೆಯುವುದು ಎರಡನೆಯದು. ಈ ಇಡೀ ನುಡಿಗಟ್ಟಿಗೆ ‘ಪೋರ್ಟ್‌ಬಿ’ ಎಂಬ ಹೆಸರನ್ನು ಡಿಫೈನ್ ಎಂಬ ನಿರ್ದೇಶನದಿಂದ ಕೊಡುವುದು ಮೂರನೆಯದು. ಇಷ್ಟಾದ ಬಳಿಕ ಪೋರ್ಟ್‌ಬಿ ಒಂದು ಸಾಮಾನ್ಯ ಚರದಂತೆಯೇ ಕಾಣುತ್ತದೆ. ಅದಕ್ಕೆ ಬೆಲೆ ಕೊಡಬಹುದು, ಅದರಿಂದ ಬೆಲೆ ಪಡೆಯಬಹುದು. ಚಿಪ್ಪಿನ ನೂರಾರು ಹೆಸರುಗಳನ್ನು ಹೀಗೆ ಒಂದೆಡೆ ಕಟ್ಟಿಟ್ಟ ಕಡತಕ್ಕೆ ಹೆಡರ್ ಫೈಲ್ ಎಂದು ಹೆಸರು. ಕ್ರಮವಿಧಿಕಾರನು ವಿಳಾಸಗಳನ್ನು ಕಂಠಪಾಠ ಮಾಡಬೇಕಾಗಿಲ್ಲ. ಡೇಟಾಶೀಟಿನಲ್ಲಿರುವ ಹೆಸರನ್ನೇ ಬರೆದರೆ ಸಾಕು. ಆದರೆ ಹೆಸರು ಚರದಂತೆ ಕಂಡರೂ ಅದರ ಹಿಂದಿರುವುದು ಚರವಲ್ಲ ಎಂಬ ಅರಿವು ಮರೆಯಾಗುವ ಅಪಾಯ ಇಲ್ಲಿಯೇ ಆರಂಭವಾಗುತ್ತದೆ.

4. ಒಂದು ಬಿಟ್ಟಿನ ಬದಲಾವಣೆ

ಒಂದು ರಿಜಿಸ್ಟರಿನ ಎಂಟು ಬಿಟ್ಟುಗಳು ಎಂಟು ಬೇರೆ ಬೇರೆ ಕೆಲಸಗಳಿಗೆ ಸೇರಿರುವುದರಿಂದ ಒಂದನ್ನು ಬದಲಿಸುವಾಗ ಉಳಿದ ಏಳನ್ನು ಹಾಗೆಯೇ ಬಿಡಬೇಕಾಗುತ್ತದೆ. ಯುನೋ ಫಲಕದ ಮೇಲಿನ ಪುಟ್ಟ ದೀಪ ಬಿ ದ್ವಾರದ 5ನೆಯ ಬಿಟ್ಟಿಗೆ ಸೇರಿದೆ. ಬಿಟ್ಟುಗಳನ್ನು ಸೊನ್ನೆಯಿಂದ ಎಣಿಸುವುದು ವಾಡಿಕೆಯಾದುದರಿಂದ ಅದರ ಸ್ಥಾನಬೆಲೆ 32. ಒಂದನ್ನು ಐದು ಸ್ಥಾನ ಎಡಕ್ಕೆ ಸರಿಸಿದರೆ ಈ ಬೆಲೆ ದೊರೆಯುತ್ತದೆ. ಇದನ್ನು ಮಾಸ್ಕ್ ಎನ್ನುತ್ತಾರೆ. ರಿಜಿಸ್ಟರಿನ ಹಳೆಯ ಬೆಲೆಗೂ ಈ ಮಾಸ್ಕಿಗೂ ‘ಅಥವಾ’ ಕ್ರಿಯೆ ನಡೆಸಿ ಮರಳಿ ಬರೆದರೆ ಆ ಬಿಟ್ ಮಾತ್ರ 1 ಆಗುತ್ತದೆ. ಮಾಸ್ಕನ್ನು ತಲೆಕೆಳಗು ಮಾಡಿ ‘ಮತ್ತು’ ಕ್ರಿಯೆ ನಡೆಸಿದರೆ ಅದೊಂದೇ 0 ಆಗುತ್ತದೆ. ಓದುವುದು, ಬದಲಿಸುವುದು, ಮರಳಿ ಬರೆಯುವುದು ಎಂಬ ಈ ಮೂರು ಹಂತಗಳನ್ನು ಸಿ ಭಾಷೆ ಒಂದೇ ಸಂಯುಕ್ತ ಚಿಹ್ನೆಯಲ್ಲಿ ಅಡಕಗೊಳಿಸುತ್ತದೆ.

ದೀಪ ಹೊತ್ತಿಸುವ ಈ ಒಂದು ಸಾಲನ್ನು ಕಂಪೈಲರ್ ‘ಎಸ್‌ಬಿಐ’ ಎಂಬ ಒಂದೇ ಯಂತ್ರಾಜ್ಞೆಯಾಗಿ ಅನುವಾದಿಸಬಲ್ಲದು. ಆ ಆಜ್ಞೆಗೆ 2 ಗಡಿಯಾರ ಮಿಡಿತಗಳು ಸಾಕು. 16 ಮೆಗಾಹರ್ಟ್ಸ್ ವೇಗದಲ್ಲಿ ಇದು 125 ನ್ಯಾನೋಸೆಕೆಂಡ್. ಇದೇ ಕೆಲಸವನ್ನು ಆರ್ಡುಯಿನೋ ಗ್ರಂಥಾಲಯದ ಸಿದ್ಧ ಕಾರ್ಯದಿಂದ ಮಾಡಿಸಿದರೆ, ತಂತಿಯ ಸಂಖ್ಯೆಯಿಂದ ದ್ವಾರವನ್ನು ಹುಡುಕುವುದು ಮೊದಲಾದ ಕೆಲಸಗಳಿಗೆ ಹತ್ತಾರು ಮಿಡಿತಗಳು ವ್ಯಯವಾಗುತ್ತವೆ. ರಿಜಿಸ್ಟರನ್ನು ನೇರವಾಗಿ ಮುಟ್ಟಲು ಕಲಿಯುವವರಲ್ಲಿ ಬಹಳ ಮಂದಿಗೆ ಮೊದಲ ಪ್ರೇರಣೆ ಈ ವೇಗವೇ. ಆದರೆ ಗ್ರಂಥಾಲಯ ನಿಧಾನವಾಗಿ ಮಾಡುವ ಕೆಲಸಗಳಲ್ಲಿ ಕೆಲವು ಕಾವಲಿನ ಕೆಲಸಗಳೂ ಆಗಿವೆ. ಅದನ್ನು ಬಿಟ್ಟು ನೇರವಾಗಿ ಹೋಗುವವನು ಆ ಕಾವಲನ್ನು ತಾನೇ ವಹಿಸಿಕೊಳ್ಳಬೇಕಾಗುತ್ತದೆ.

5. ‘ವೊಲಟೈಲ್’ ಎಂಬ ಪದ

ಮೇಲಿನ ಸೂತ್ರದಲ್ಲಿ ಬಂದ ‘ವೊಲಟೈಲ್’ ಎಂಬ ಪದದ ನಿಘಂಟಿನ ಅರ್ಥ ಬೇಗ ಆವಿಯಾಗುವ, ಚಂಚಲವಾದ ಎಂಬುದು. ಸಿ ಭಾಷೆಗೆ ಇದು 1989ರ ಅಮೆರಿಕನ್ ರಾಷ್ಟ್ರೀಯ ಮಾನಕದೊಂದಿಗೆ ಸೇರಿತು. ಅದಕ್ಕೆ ಹಿಂದಿನ ಕಂಪೈಲರುಗಳು ಬರೆದುದನ್ನು ಹೆಚ್ಚುಕಡಿಮೆ ಬರೆದಂತೆಯೇ ಅನುವಾದಿಸುತ್ತಿದ್ದುದರಿಂದ ಇದರ ಕೊರತೆ ಅಷ್ಟಾಗಿ ಕಾಡಿರಲಿಲ್ಲ. ಕಂಪೈಲರುಗಳು ಜಾಣವಾದಂತೆ ಸಮಸ್ಯೆ ತಲೆದೋರಿತು.

ಪ್ರಸ್ತುತ ಚಿಪ್ಪಿನಿಂದ ಒಂದು ಅಕ್ಷರವನ್ನು ಹೊರಗೆ ಕಳುಹಿಸುವ ಸಂದರ್ಭವನ್ನು ಗಮನಿಸಬಹುದು. 192ನೆಯ ವಿಳಾಸದ ಸ್ಥಿತಿಸೂಚಕದಲ್ಲಿ 5ನೆಯ ಬಿಟ್ 1 ಆಗುವವರೆಗೆ ಕಾಯಬೇಕು; ಬಳಿಕ 198ನೆಯ ವಿಳಾಸದಲ್ಲಿ ಅಕ್ಷರವನ್ನು ಬರೆಯಬೇಕು. ಪಿಡಿಪಿ-11ರಲ್ಲಿ ನಡೆಯುತ್ತಿದ್ದುದೂ ಇದೇ ಆಗಿತ್ತು. ವಿಳಾಸಗಳು ಮಾತ್ರ ಬೇರೆ. ಕಾಯುವ ಸಾಲು ಒಂದು ಖಾಲಿ ಆವರ್ತನೆ. ಅದರ ಒಳಗೆ ಕ್ರಮವಿಧಿ ಆ ಕೋಶಕ್ಕೆ ಏನನ್ನೂ ಬರೆಯುವುದಿಲ್ಲ. ಆದ್ದರಿಂದ ಸಾಮಾನ್ಯ ಸ್ಮೃತಿಯೆಂದು ಭಾವಿಸಿದ ಕಂಪೈಲರ್ ‘ಯಾರೂ ಬರೆಯದ ಕೋಶದ ಬೆಲೆ ಬದಲಾಗದು’ ಎಂಬ ತರ್ಕದಿಂದ ಒಮ್ಮೆ ಮಾತ್ರ ಓದಿ, ಬಿಟ್ ಸೊನ್ನೆಯಾಗಿದ್ದರೆ ಕೊನೆಯಿಲ್ಲದ ಆವರ್ತನೆಯನ್ನು ರಚಿಸುತ್ತದೆ. ತರ್ಕದಲ್ಲಿ ದೋಷವಿಲ್ಲ, ಆದರೆ ಯಂತ್ರ ನಿಂತುಹೋಗುತ್ತದೆ. ಪ್ರತಿಯೊಂದು ಓದನ್ನೂ ಪ್ರತಿಯೊಂದು ಬರಹವನ್ನೂ ಬರೆದ ಕ್ರಮದಲ್ಲಿ, ಬರೆದಷ್ಟೇ ಸಲ ನಡೆಸಬೇಕೆಂಬ ಕಟ್ಟಳೆಯೇ ‘ವೊಲಟೈಲ್’.

ಈ ಪದವನ್ನು ಮರೆತಾಗ ಉಂಟಾಗುವ ದೋಷಕ್ಕೆ ಒಂದು ವಿಶಿಷ್ಟ ಲಕ್ಷಣವಿದೆ. ದೋಷ ಹುಡುಕಲೆಂದು ಕಂಪೈಲರಿನ ಜಾಣತನವನ್ನು ತಗ್ಗಿಸಿದೊಡನೆ ದೋಷ ಮಾಯವಾಗುತ್ತದೆ. ನೋಡಹೋದರೆ ಕಾಣದ ಇಂತಹ ದೋಷಕ್ಕೆ ವೃತ್ತಿಯವರು ಭೌತವಿಜ್ಞಾನಿ ಹೈಸನ್‌ಬರ್ಗನ ಹೆಸರಿನಿಂದ ‘ಹೈಸನ್‌ಬಗ್’ ಎಂಬ ಪದವನ್ನು ಕಟ್ಟಿಕೊಂಡಿದ್ದಾರೆ. 1975ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಫೆಲ್ ಫಿಂಕೆಲ್ ಆರಂಭಿಸಿದ, ಗಣಕವೃತ್ತಿಯವರ ಆಡುನುಡಿಗಳ ಸಂಗ್ರಹವಾದ ಜಾರ್ಗನ್ ಫೈಲಿನಲ್ಲಿ ಈ ಪದ ದಾಖಲಾಗಿದೆ. ಕಾರಣ ತಿಳಿಯದೆ ಕ್ರಮವನ್ನಷ್ಟೇ ಅನುಕರಿಸುವ ಅಭ್ಯಾಸಕ್ಕೂ ಅಲ್ಲಿ ‘ಕಾರ್ಗೋ ಕಲ್ಟ್’ ಎಂಬ ಹೆಸರುಂಟು. ದೋಷ ಕಂಡಲ್ಲೆಲ್ಲ ವೊಲಟೈಲ್ ಸೇರಿಸುವುದು ಇದಕ್ಕೆ ಒಳ್ಳೆಯ ನಿದರ್ಶನ. ಲಿನಕ್ಸ್ ತಿರುಳಿನ ದಸ್ತಾವೇಜುಗಳಲ್ಲಿ ಈ ಪದದ ಬಳಕೆಯನ್ನು ನಿರುತ್ತೇಜನಗೊಳಿಸುವ ಪ್ರತ್ಯೇಕ ಟಿಪ್ಪಣಿಯೇ ಇದೆ. ಆದರೆ ಸಾಧನದ ರಿಜಿಸ್ಟರನ್ನು ಮುಟ್ಟುವ ಮೂಲಕಾರ್ಯಗಳ ಒಳಗೆ ಅದರ ಬಳಕೆಯನ್ನು ಆ ಟಿಪ್ಪಣಿಯೂ ಒಪ್ಪುತ್ತದೆ.

6. ಓದುವುದೂ ಒಂದು ಕ್ರಿಯೆ

ರಿಜಿಸ್ಟರು ಚರವಲ್ಲ ಎಂಬುದು ಕೆಲವು ಕೋಶಗಳ ನಡತೆಯಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. 198ನೆಯ ವಿಳಾಸದಲ್ಲಿ ವಾಸ್ತವವಾಗಿ ಎರಡು ಕೋಶಗಳಿವೆ. ಬರೆದುದು ಕಳುಹಿಸುವ ಕೋಶಕ್ಕೆ ಹೋಗುತ್ತದೆ; ಓದಿದರೆ ಬಂದ ಅಕ್ಷರದ ಕೋಶ ತೆರೆಯುತ್ತದೆ. ಬರೆದುದನ್ನು ಮರಳಿ ಓದಲು ಸಾಧ್ಯವಿಲ್ಲ. ಒಮ್ಮೆ ಓದಿದ ಅಕ್ಷರ ಸಾಲಿನಿಂದ ಹೊರಬೀಳುವುದರಿಂದ ಎರಡನೆಯ ಸಲ ಓದಿದರೆ ಅದು ದೊರೆಯುವುದಿಲ್ಲ. ಪಿನ್‌ಬಿ ಎಂಬುದು ಓದುವುದಕ್ಕಾಗಿ ಇರುವ ಕೋಶವಾದರೂ ಅದರ ಒಂದು ಬಿಟ್ಟಿಗೆ 1 ಬರೆದರೆ ಪೋರ್ಟ್‌ಬಿಯ ಅದೇ ಬಿಟ್ ಮಗುಚಿಕೊಳ್ಳುತ್ತದೆ.

ಇನ್ನೂ ವಿಲಕ್ಷಣವಾದುದು 54ನೆಯ ವಿಳಾಸದಲ್ಲಿರುವ ಕಾಲಮಾಪಕದ ಸೂಚಕಗಳ ರಿಜಿಸ್ಟರ್. ಘಟನೆಯೊಂದು ಜರುಗಿದಾಗ ಯಂತ್ರಾಂಶವೇ ಇಲ್ಲಿ ಒಂದು ಬಿಟ್ಟನ್ನು 1 ಮಾಡುತ್ತದೆ. ಅದನ್ನು ಅಳಿಸಲು ಕ್ರಮವಿಧಿ 0 ಬರೆಯುವಂತಿಲ್ಲ, 1 ಬರೆಯಬೇಕು. ಈ ಸಂದರ್ಭದಲ್ಲಿ ಅಭ್ಯಾಸಬಲದಿಂದ ‘ಅಥವಾ’ ಸಂಯುಕ್ತವನ್ನು ಬಳಸಿದರೆ ಹಳೆಯ ಬೆಲೆಯಲ್ಲಿ 1 ಆಗಿದ್ದ ಎಲ್ಲ ಬಿಟ್ಟುಗಳೂ ಮರಳಿ 1 ಎಂದು ಬರೆಯಲ್ಪಟ್ಟು, ಎಲ್ಲ ಸೂಚಕಗಳೂ ಒಟ್ಟಿಗೆ ಅಳಿಸಿಹೋಗುತ್ತವೆ. ಇನ್ನೂ ಗಮನಿಸದ ಘಟನೆಯೊಂದು ಸದ್ದಿಲ್ಲದೆ ಕಳೆದುಹೋಗುತ್ತದೆ. ಈ ಚಿಪ್ಪಿನಲ್ಲಿ ಎಸ್‌ಬಿಐ ಆಜ್ಞೆ ತಾನು ಮುಟ್ಟಿದ ಬಿಟ್ಟಿನ ಮೇಲೆ ಮಾತ್ರ ಪರಿಣಾಮ ಬೀರುವುದರಿಂದ, ಕಂಪೈಲರ್ ಆ ಸಾಲನ್ನು ಎಸ್‌ಬಿಐ ಆಗಿ ಅನುವಾದಿಸಿದಾಗ ದೋಷ ಕಾಣಿಸಿಕೊಳ್ಳದು. ಕಂಪೈಲರಿನ ಜಾಣತನವನ್ನು ತಗ್ಗಿಸಿದಾಗ ಅದೇ ಸಾಲು ಮೂರು ಆಜ್ಞೆಗಳಾಗಿ ಒಡೆದು ದೋಷ ಹೊರಬರುತ್ತದೆ. ಸರಿಯಾದ ರೂಪ ಸಂಯುಕ್ತವಿಲ್ಲದ ನೇರ ನಿಯೋಜನೆ: ಆ ಒಂದು ಮಾಸ್ಕನ್ನಷ್ಟೇ ಬರೆಯುವುದು. ಹೀಗೆ ಒಂದು ಕೋಶದಲ್ಲಿ ಶಿಷ್ಟವಾದ ಪ್ರಯೋಗ ಪಕ್ಕದ ಕೋಶದಲ್ಲಿ ಅಪಪ್ರಯೋಗವಾಗುತ್ತದೆ. ಸಿ ಭಾಷೆಯ ವ್ಯಾಕರಣ ಎರಡನ್ನೂ ಸಮಾನವಾಗಿ ಒಪ್ಪುತ್ತದೆ. ಪಠ್ಯದ ಅರ್ಥ ಸಂದರ್ಭದಿಂದ ನಿರ್ಧಾರವಾಗುತ್ತದೆ ಎಂಬ ಜಾನಪದ ವಿದ್ವಾಂಸರ ಮಾತು ಇಲ್ಲಿ ಅಕ್ಷರಶಃ ಸತ್ಯ.

7. ನಡುವೆ ಬರುವ ಅಡ್ಡಿ

ಮುಖ್ಯ ಕ್ರಮವಿಧಿ ನಡೆಯುತ್ತಿರುವಾಗ ಹೊರಗಿನ ಘಟನೆಯೊಂದು ಅದನ್ನು ತಡೆದು ಬೇರೊಂದು ಕಾರ್ಯವನ್ನು ನಡೆಸಿ ಮರಳುವ ಏರ್ಪಾಡನ್ನು ಇಂಟರಪ್ಟ್ ಎನ್ನುತ್ತಾರೆ. ಎಸ್‌ಬಿಐ ಒಂದೇ ಆಜ್ಞೆಯಾದುದರಿಂದ ಅದರ ನಡುವೆ ಇಂಟರಪ್ಟ್ ನುಸುಳಲಾರದು. ಆದರೆ ಆ ಆಜ್ಞೆ ತಲುಪುವುದು 32ರಿಂದ 63ರವರೆಗಿನ ವಿಳಾಸಗಳನ್ನು ಮಾತ್ರ. ಆರ್ಡುಯಿನೋ ಮೆಗಾ ಫಲಕದ ಎಟಿಮೆಗಾ 2560 ಚಿಪ್ಪಿನಲ್ಲಿ ‘ಎಚ್’ ದ್ವಾರದ ರಿಜಿಸ್ಟರ್ 258ನೆಯ ವಿಳಾಸದಲ್ಲಿದೆ. ಅಲ್ಲಿ ಅದೇ ಸಿ ಸಾಲು ಓದು, ಬದಲಿಸು, ಬರೆ ಎಂಬ ಮೂರು ಪ್ರತ್ಯೇಕ ಆಜ್ಞೆಗಳಾಗುತ್ತದೆ. ಓದಿದ ಬಳಿಕ, ಬರೆಯುವ ಮೊದಲು ಇಂಟರಪ್ಟ್ ಬಂದು ಅದೇ ದ್ವಾರದ ಮತ್ತೊಂದು ಬಿಟ್ಟನ್ನು ಬದಲಿಸಿದರೆ, ಮುಖ್ಯ ಕ್ರಮವಿಧಿ ತನ್ನ ಹಳೆಯ ಪ್ರತಿಯನ್ನು ಬರೆದು ಆ ಬದಲಾವಣೆಯನ್ನು ಅಳಿಸಿಬಿಡುತ್ತದೆ. ಒಂದೇ ಕಡತವನ್ನು ಇಬ್ಬರು ಮನೆಗೊಯ್ದು ತಿದ್ದಿ, ನಂತರ ತಂದವನ ಪ್ರತಿಯೇ ಉಳಿದಂತಾಗುತ್ತದೆ ಈ ಸ್ಥಿತಿ. ವೊಲಟೈಲ್ ಎಂಬ ಪದ ಇದನ್ನು ತಡೆಯಲಾರದು; ಅದು ಓದು-ಬರಹಗಳ ಕ್ರಮವನ್ನು ಕಾಯುತ್ತದೆಯೇ ಹೊರತು ಅವುಗಳ ಅಖಂಡತೆಯನ್ನಲ್ಲ.

ಎಟಿಮೆಗಾ 328ಪಿಯ ಹದಿನಾರು ಬಿಟ್ಟಿನ ಕಾಲಮಾಪಕವೂ ಇದೇ ಬಗೆಯದು. ಎಂಟು ಬಿಟ್ಟಿನ ಈ ಯಂತ್ರ ಅದನ್ನು ಎರಡು ಸಲ ಓದಬೇಕು. ಕೆಳಗಿನ ಬೈಟನ್ನು ಓದಿದಾಗ ಮೇಲಿನ ಬೈಟು ಒಂದು ತಾತ್ಕಾಲಿಕ ಕೋಶದಲ್ಲಿ ಉಳಿಯುತ್ತದೆ. ಬರೆಯುವಾಗ ಕ್ರಮ ತಿರುಗುಮುರುಗು: ಮೇಲಿನದು ಮೊದಲು. ಆ ಕಾಲಮಾಪಕದ ಹದಿನಾರು ಬಿಟ್ಟಿನ ರಿಜಿಸ್ಟರುಗಳಿಗೆಲ್ಲ ಈ ತಾತ್ಕಾಲಿಕ ಕೋಶ ಒಂದೇ ಆದುದರಿಂದ, ನಡುವೆ ಬಂದ ಇಂಟರಪ್ಟ್ ಇನ್ನೊಂದನ್ನು ಓದಿದರೆ ಮೊದಲಿನ ಬೆಲೆ ಕೆಡುತ್ತದೆ. ಅಷ್ಟು ಹೊತ್ತು ಇಂಟರಪ್ಟುಗಳನ್ನು ತಡೆದು, ಕೆಲಸ ಮುಗಿದ ಬಳಿಕ ಹಿಂದಿನ ಸ್ಥಿತಿಗೆ ಮರಳಿಸುವುದೇ ಇದಕ್ಕೆ ಪರಿಹಾರ.

8. ಚಿಪ್ಪುಗಳ ಪ್ರಾದೇಶಿಕ ಭೇದಗಳು

ಒಂದು ಚಿಪ್ಪಿನ ಸೂತ್ರ ಇನ್ನೊಂದಕ್ಕೆ ಸಲ್ಲದಿರುವುದು ಈ ವೃತ್ತಿಯ ನಿತ್ಯದ ಅನುಭವ. 1980ರಲ್ಲಿ ಇಂಟೆಲ್ ತಂದ 8051 ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿಯೂ ತಲೆಮಾರುಗಳಿಗೆ ಪರಿಚಿತವಾದುದು. ಅದರ ಮೊದಲನೆಯ ದ್ವಾರದ ವಿಳಾಸ 144. ಆದರೆ 144 ಎಂಬ ಬೆಲೆಯ ಪಾಯಿಂಟರ್ ಕಟ್ಟಿದರೆ ಆ ದ್ವಾರ ದೊರೆಯುವುದಿಲ್ಲ. 128ರಿಂದ 255ರವರೆಗಿನ ವಿಶೇಷ ರಿಜಿಸ್ಟರುಗಳನ್ನು ಆಜ್ಞೆಯಲ್ಲಿಯೇ ವಿಳಾಸವನ್ನು ನಮೂದಿಸಿ ಮಾತ್ರ ತಲುಪಬಹುದು. ಪಾಯಿಂಟರಿನ ಮೂಲಕ ಹೋದರೆ, 8052ರಲ್ಲಿ ಅದೇ ವಿಳಾಸಗಳನ್ನು ಹೊತ್ತ ಬೇರೊಂದು ಸ್ಮೃತಿ ಎದುರಾಗುತ್ತದೆ. ಆದ್ದರಿಂದ 8051ರ ಕಂಪೈಲರುಗಳು ‘ಎಸ್‌ಎಫ್‌ಆರ್’, ‘ಎಸ್‌ಬಿಟ್’ ಎಂಬ, ಮಾನಕ ಸಿ ಭಾಷೆಯಲ್ಲಿಲ್ಲದ ಪದಗಳನ್ನು ಸೇರಿಸಿಕೊಂಡವು. ಇದನ್ನು ಸಿ ಭಾಷೆಯ ಒಂದು ಉಪಭಾಷೆಯೆಂದೇ ಪರಿಗಣಿಸಬಹುದು.

ಪಿಐಸಿ 16 ಕುಟುಂಬದ ಹಳೆಯ ಚಿಪ್ಪುಗಳಲ್ಲಿ ದ್ವಾರದ ರಿಜಿಸ್ಟರನ್ನು ಓದಿದರೆ ಹಿಂದೆ ಬರೆದ ಬೆಲೆಯ ಬದಲು ತಂತಿಯ ಆ ಕ್ಷಣದ ಸ್ಥಿತಿ ದೊರೆಯುತ್ತದೆ. ಹೊರೆಯಿಂದಾಗಿ ನಿಧಾನವಾಗಿ ಏರುತ್ತಿರುವ ತಂತಿಯನ್ನು 0 ಎಂದು ಓದಿ, ಪಕ್ಕದ ಬಿಟ್ಟನ್ನು ಬದಲಿಸುವ ನೆಪದಲ್ಲಿ ಆ 0ಯನ್ನೇ ಮರಳಿ ಬರೆಯುವ ದೋಷ ಬಹುಕಾಲ ಕುಖ್ಯಾತವಾಗಿತ್ತು. ಬರೆದುದನ್ನು ಪ್ರತ್ಯೇಕವಾಗಿ ಹಿಡಿದಿಡುವ ‘ಲ್ಯಾಟ್’ ರಿಜಿಸ್ಟರುಗಳು ಪಿಐಸಿ 18 ಕುಟುಂಬದಲ್ಲಿ ಬಂದ ಮೇಲೆ ಇದಕ್ಕೆ ಪರಿಹಾರ ದೊರೆಯಿತು.

ಆರ್ಮ್ ಕಾರ್ಟೆಕ್ಸ್-ಎಂ3 ತಿರುಳಿನ ಎಸ್‌ಟಿಎಂ32ಎಫ್103 ಚಿಪ್ಪಿನಲ್ಲಿ ಒಂದು ಅಂಗದ ರಿಜಿಸ್ಟರುಗಳೆಲ್ಲ ಅನುಕ್ರಮವಾಗಿ ಜೋಡಿಸಲ್ಪಟ್ಟಿವೆ. ಹದಿನಾರರ ಮಾನದಲ್ಲಿ 40011000 ಎಂಬ ವಿಳಾಸದಿಂದ ‘ಸಿ’ ದ್ವಾರ ಆರಂಭವಾಗುತ್ತದೆ. ಅದೇ ಅನುಕ್ರಮದ ಸ್ಟ್ರಕ್ಟ್ ಒಂದನ್ನು ರಚಿಸಿ ಆ ವಿಳಾಸದ ಮೇಲೆ ಹೊದಿಸಿದರೆ ಪ್ರತಿ ರಿಜಿಸ್ಟರೂ ಅದರ ಒಂದೊಂದು ಸದಸ್ಯನಾಗುತ್ತದೆ. 2008ರಲ್ಲಿ ಆರ್ಮ್ ಪ್ರಕಟಿಸಿದ ಸಿಎಂಸಿಸ್ ಎಂಬ ಕಟ್ಟಳೆ ಈ ಕ್ರಮವನ್ನು ಕಂಪನಿಗಳ ನಡುವೆ ಸಾಮಾನ್ಯಗೊಳಿಸಿತು. ಈ ದ್ವಾರದಲ್ಲಿ ಬರೆಯಲು ಮಾತ್ರ ಬರುವ ಒಂದು ರಿಜಿಸ್ಟರಿದೆ. ಅದರ ಕೆಳಗಿನ 16 ಬಿಟ್ಟುಗಳು ತಂತಿಗಳನ್ನು 1 ಮಾಡುತ್ತವೆ, ಮೇಲಿನ 16 ಬಿಟ್ಟುಗಳು 0 ಮಾಡುತ್ತವೆ. 0 ಬರೆದ ಸ್ಥಾನಗಳಿಗೆ ಏನೂ ಆಗುವುದಿಲ್ಲ. 13ನೆಯ ತಂತಿಯನ್ನು ಏರಿಸಲು 13ನೆಯ ಬಿಟ್, ಇಳಿಸಲು 29ನೆಯ ಬಿಟ್. ಓದುವ ಅಗತ್ಯವೇ ಇಲ್ಲದುದರಿಂದ ಅಡ್ಡಿಯ ಭಯವೂ ಇಲ್ಲ. ಆದರೆ ಆ ದ್ವಾರಕ್ಕೆ ಮೊದಲು ಗಡಿಯಾರದ ಮಿಡಿತವನ್ನು ಬೇರೊಂದು ರಿಜಿಸ್ಟರಿನ ಮೂಲಕ ತೆರೆಯದಿದ್ದರೆ ಬರೆದುದೆಲ್ಲ ವ್ಯರ್ಥವಾಗುತ್ತದೆ. ದೋಷದ ಸೂಚನೆಯೂ ಬರುವುದಿಲ್ಲ. ಹೊಸಬರು ಮೊದಲು ಎಡವುವ ಸ್ಥಳಗಳಲ್ಲಿ ಇದೊಂದು.

9. ಶಾಸ್ತ್ರ ಮತ್ತು ಪ್ರಯೋಗ

ಇಷ್ಟೆಲ್ಲ ನಿಂತಿರುವುದು ವೊಲಟೈಲ್ ಎಂಬ ಒಂದು ಪದದ ಮೇಲಿನ ನಂಬಿಕೆಯ ಮೇಲೆ. ಆದರೆ ವೊಲಟೈಲ್ ಕೋಶವನ್ನು ‘ಮುಟ್ಟುವುದು’ ಎಂದರೇನು ಎಂಬುದನ್ನು ನಿರ್ಧರಿಸುವ ಹೊಣೆಯನ್ನು ಸಿ ಮಾನಕ ಕಂಪೈಲರ್ ತಯಾರಕರಿಗೇ ಬಿಟ್ಟಿದೆ. 2008ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಎರಿಕ್ ಐಡ್ ಮತ್ತು ಜಾನ್ ರೆಗೆರ್ ವೃತ್ತಿಬಳಕೆಯ 13 ಕಂಪೈಲರುಗಳನ್ನು ಪರೀಕ್ಷಿಸಿದರು. ಪ್ರತಿಯೊಂದರಲ್ಲಿಯೂ ಯಾವುದಾದರೊಂದು ಸಂದರ್ಭದಲ್ಲಿ ವೊಲಟೈಲ್ ಕೋಶಗಳಿಗೆ ತಪ್ಪು ಯಂತ್ರಾಜ್ಞೆ ಹೊರಬಂದಿತು. ಬರೆದವನು ಕಟ್ಟಳೆಯನ್ನು ಪೂರ್ಣವಾಗಿ ಪಾಲಿಸಿದ್ದರೂ ಯಂತ್ರ ತಪ್ಪಬಹುದೆಂಬುದು ಇದರಿಂದ ಸಿದ್ಧವಾಯಿತು. ಮೋಟಾರು ವಾಹನ ಉದ್ಯಮದಲ್ಲಿ ಹುಟ್ಟಿದ ಮಿಸ್ರಾ ನಿಯಮಾವಳಿಯ 2012ರ ಆವೃತ್ತಿಯಲ್ಲಿ ಸಂಖ್ಯೆಯನ್ನು ಪಾಯಿಂಟರಾಗಿ ಪರಿವರ್ತಿಸಬಾರದೆಂಬ ಸಲಹಾರೂಪದ ನಿಯಮವಿದೆ. ರಿಜಿಸ್ಟರನ್ನು ಮುಟ್ಟುವ ಮೂಲಸೂತ್ರವೇ ಅದಕ್ಕೆ ಅಪವಾದ. ವಾಹನದ ತಂತ್ರಾಂಶ ಬರೆಯುವವರು ಇಂತಹ ಸಾಲುಗಳನ್ನು ಕೆಲವೇ ಕಡತಗಳಿಗೆ ಸೀಮಿತಗೊಳಿಸಿ ಕಾರಣ ದಾಖಲಿಸುವುದು ವಾಡಿಕೆ.

ಶಾಸ್ತ್ರಕ್ಕೂ ಪ್ರಯೋಗಕ್ಕೂ ನೇರ ಘರ್ಷಣೆ ನಡೆದುದು ಸಿ++ ಭಾಷೆಯಲ್ಲಿ. ಎವಿಆರ್ ಚಿಪ್ಪುಗಳ ಗ್ರಂಥಾಲಯದಲ್ಲಿ ಒಂದು ಕಾಲಕ್ಕೆ ಬಿಟ್ ಬದಲಿಸಲು ಎಸ್‌ಬಿಐ ಎಂಬುದೇ ಹೆಸರಿನ ಸಿದ್ಧಸೂತ್ರವಿತ್ತು. ಬಳಿಕ ಅದನ್ನು ಹಳತೆಂದು ಬದಿಗಿಟ್ಟು, ಭಾಷೆಯ ಸಹಜ ಸಂಯುಕ್ತ ಚಿಹ್ನೆಯನ್ನೇ ಬಳಸುವುದು ಶಿಷ್ಟವೆಂದು ಕಲಿಸಲಾಯಿತು. ಸಿ++ ಭಾಷೆಯ 2020ರ ಮಾನಕ ವೊಲಟೈಲ್ ಕೋಶಗಳ ಮೇಲೆ ಈ ಸಂಯುಕ್ತ ಚಿಹ್ನೆಯ ಬಳಕೆಯನ್ನು ತ್ಯಾಜ್ಯವೆಂದು ಸಾರಿತು. ನೋಡುವವರಿಗೆ ಒಂದೇ ಕ್ರಿಯೆಯಂತೆ ಕಾಣುವ ಚಿಹ್ನೆ ಓದು ಮತ್ತು ಬರಹ ಎಂಬ ಎರಡು ಕ್ರಿಯೆಗಳನ್ನು ಮರೆಮಾಡುತ್ತದೆ ಎಂಬುದು ಅದರ ಹಿಂದಿನ ತರ್ಕ. ಏಳನೆಯ ಭಾಗದ ವಿವರಗಳನ್ನು ನೆನೆದರೆ ಈ ತರ್ಕ ನಿರಾಧಾರವಲ್ಲ. ಆದರೆ ಚಿಪ್ ತಯಾರಕರ ಹೆಡರ್ ಕಡತಗಳಲ್ಲಿ, ಸಿ ಮತ್ತು ಸಿ++ ಎರಡರಲ್ಲಿಯೂ ಬಳಕೆಯಾಗುವ ಅಸಂಖ್ಯ ಸಾಲುಗಳಲ್ಲಿ ಈ ಚಿಹ್ನೆ ನೆಲೆಯೂರಿತ್ತು. ಅವನ್ನೆಲ್ಲ ಕೈಯಿಂದ ಬಿಡಿಸಿ ಬರೆಯಹೊರಟರೆ ಹೊಸ ತಪ್ಪುಗಳು ನುಸುಳುವ ಸಂಭವವೇ ಹೆಚ್ಚು. ವೃತ್ತಿಯವರ ಆಕ್ಷೇಪದ ಬಳಿಕ 2023ರ ಮಾನಕದಲ್ಲಿ ಬಿಟ್ ಮಟ್ಟದ ಸಂಯುಕ್ತ ಚಿಹ್ನೆಗಳಿಗೆ ಮತ್ತೆ ಮನ್ನಣೆ ದೊರೆಯಿತು.

ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಪೂರ್ವಕವಿಗಳ ಪ್ರಯೋಗವನ್ನೇ ಪ್ರಮಾಣವಾಗಿ ಇರಿಸಿಕೊಂಡು ಸೂತ್ರ ರಚಿಸಿದ ಸಂಗತಿ ಕನ್ನಡ ಓದುಗರಿಗೆ ತಿಳಿದುದೇ. ಬಳಕೆಯನ್ನು ಕಡೆಗಣಿಸಿದ ಸೂತ್ರ ನಿಲ್ಲುವುದಿಲ್ಲ ಎಂಬುದಕ್ಕೆ 2020 ಮತ್ತು 2023ರ ನಡುವಿನ ಈ ಪ್ರಸಂಗವೂ ನಿದರ್ಶನವಾಗುತ್ತದೆ. ಅದೇ ಸಮಯಕ್ಕೆ, ಬಳಕೆಗೆ ಮನ್ನಣೆ ದೊರೆತ ಮಾತ್ರಕ್ಕೆ ಅದರೊಳಗಿನ ಅಪಾಯ ಇಲ್ಲವಾಗುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

10. ಸಮಾರೋಪ

ರಿಜಿಸ್ಟರನ್ನು ನೇರವಾಗಿ ಮುಟ್ಟುವ ವಿದ್ಯೆ ಮೂರು ನೆಲೆಗಳಲ್ಲಿ ಹಂಚಿಹೋಗಿರುವುದು ಈ ವಿವೇಚನೆಯಿಂದ ಕಂಡುಬರುತ್ತದೆ. ಭಾಷೆಯ ಮಾನಕ ವ್ಯಾಕರಣವನ್ನು ತಿಳಿಸುತ್ತದೆ. ಆದರೆ ಯಾವ ವಿಳಾಸದಲ್ಲಿ ಏನಿದೆಯೆಂಬುದು ಅದಕ್ಕೆ ತಿಳಿಯದು. ಡೇಟಾಶೀಟು ವಿಳಾಸಗಳನ್ನೂ ಅವುಗಳ ನಡತೆಯನ್ನೂ ತಿಳಿಸುತ್ತದೆ. ಕಂಪೈಲರ್ ಏನು ಮಾಡುವುದೆಂಬುದು ಅದರ ವ್ಯಾಪ್ತಿಗೆ ಸೇರದು. ಇವೆರಡು ಸೇರುವಲ್ಲಿ ಹುಟ್ಟುವ ತಿಳಿವಳಿಕೆ ತಯಾರಕರೇ ಆಗಾಗ ಹೊರಡಿಸುವ ತಪ್ಪೊಪ್ಪೋಲೆಗಳಲ್ಲಿ, ಕ್ರಮವಿಧಿಯ ಸಾಲಿನ ಪಕ್ಕದಲ್ಲಿ ಬರೆದ ಎಚ್ಚರಿಕೆಯ ಟಿಪ್ಪಣಿಗಳಲ್ಲಿ, ಪ್ರಯೋಗಾಲಯದಲ್ಲಿ ಹಿರಿಯರು ಕಿರಿಯರಿಗೆ ಹೇಳುವ ಮಾತುಗಳಲ್ಲಿ ಉಳಿದಿದೆ. ಮುದ್ರಿತ ಮಾನಕಗಳು ಗ್ರಂಥಾಲಯ ಸೇರುತ್ತವೆ. ಈ ಮೂರನೆಯ ಬಗೆಯ ಸಾಮಗ್ರಿ, ಅದನ್ನು ಬಲ್ಲವರು ವೃತ್ತಿಯಿಂದ ನಿವೃತ್ತರಾದಂತೆ ಕಣ್ಮರೆಯಾಗುತ್ತದೆ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಕಾಲದಿಂದ ಚಿಪ್ಪುಗಳ ವಿನ್ಯಾಸದಲ್ಲಿಯೂ ಅವುಗಳ ತಂತ್ರಾಂಶದಲ್ಲಿಯೂ ದುಡಿದವರ ಒಂದಕ್ಕಿಂತ ಹೆಚ್ಚು ತಲೆಮಾರುಗಳು ಈ ನಾಡಿನಲ್ಲಿವೆ. ಕಮ್ಮಾರನು ಕಬ್ಬಿಣದ ಬಣ್ಣ ನೋಡಿ ಹದವನ್ನು ಗುರುತಿಸುವ ಬಗೆಯನ್ನು ಕ್ಷೇತ್ರಕಾರ್ಯದಲ್ಲಿ ದಾಖಲಿಸಿಕೊಳ್ಳುವಂತೆಯೇ, ಯಾವ ರಿಜಿಸ್ಟರನ್ನು ಓದಬಾರದು, ಯಾವುದಕ್ಕೆ ಒಂದನ್ನು ಬರೆದು ಸೊನ್ನೆ ಮಾಡಬೇಕು, ಯಾವ ಎರಡು ಸಾಲುಗಳ ನಡುವೆ ಇಂಟರಪ್ಟನ್ನು ತಡೆಯಬೇಕು ಎಂಬ ಅವರ ಅರಿವನ್ನೂ, ಅವರು ಆಡುವ ಮಾತಿನಲ್ಲಿಯೇ, ಕಾರಣಸಹಿತ ದಾಖಲಿಸಿಕೊಳ್ಳುವ ಕಾರ್ಯ ನಡೆಯಬೇಕಾಗಿದೆ. ಕಾರಣವಿಲ್ಲದೆ ಉಳಿದ ಕ್ರಮ ಬರಿಯ ಆಚರಣೆಯಾಗುತ್ತದೆ. ಚಿಪ್ಪು ಬದಲಾದ ದಿನ ಅಂತಹ ಆಚರಣೆಯೇ ದೋಷಕ್ಕೆ ದಾರಿಯಾಗುತ್ತದೆ.